ಸಂಕಲ್ಪದ ಪುಟ, ಕೆಂಪು ಪರದೆ

ನಮ್ಮ ಮನೆಯವರು ನನ್ನೊಡನೆ ಮಾತು ಬಿಟ್ಟು ಒಂದು ವರ್ಷ ಎರಡು ತಿಂಗಳಾಗಿದ್ದಾಗ ನಡೆದದ್ದು ಇದು. ಎರಡು ಸಾವಿರದ ಆರೋ ಏಳೋ ಇರಬೇಕು. ಆಗ ನಾವು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಎರಡು ತಿರುವು ಒಳಗೆ ಬಾಡಿಗೆಗಿದ್ದೆವು. ಮೊದಲ ಮಹಡಿ, ಎರಡು ಕೋಣೆ, ಬೆಳಗಿನ ಬಿಸಿಲು ನೇರ ದೇವರ ಗೂಡಿಗೆ ಬೀಳುತ್ತಿತ್ತು. ಮಕ್ಕಳಾಗಲಿಲ್ಲ. ಹಾಗಾಗಿ ಅವರು ಮಾತು ಬಿಟ್ಟರೆಂದರೆ ಮನೆಯೇ ಮಾತು ಬಿಟ್ಟಂತೆ.

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವರು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ದಿನ ಮಷೀನಿನ ಮುಂದೆಯೇ ಫಿಟ್ಸ್ ಬಂತು. ಪಕ್ಕದವರು ಸ್ವಿಚ್ ಆರಿಸಿದರು, ಅಮ್ಮನವರ ದಯೆ, ಬೆರಳೊಂದಕ್ಕೂ ಏನೂ ಆಗಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಕಾರ್ಖಾನೆಯವರು ಅವರನ್ನು ಮಷೀನಿನಿಂದ ತೆಗೆದು ಸ್ಟೋರ್ಸಿನಲ್ಲಿ ಕೂರಿಸಿದರು. ಇಪ್ಪತ್ತೆರಡು ವರ್ಷ ಕಬ್ಬಿಣ ಕೊರೆದ ಕೈ ಅದು. ಆ ಸಂಜೆ ಅವರು ನನಗೆ ಹೇಳಿದ್ದು ಒಂದೇ ಮಾತು: "ಇದು ಈ ಮನೆ ಬಾಗಿಲು ದಾಟಬಾರದು ಕಣೆ."

ನಾನು ದಾಟಿಸಿದೆ. ಹಲಸೂರಿನಲ್ಲಿದ್ದ ನನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡೇ ಹೇಳಿದೆ. ಆಮೇಲೆ ಅಕ್ಕನ ನೆಂಟರ ಗೃಹಪ್ರವೇಶದಲ್ಲಿ, ಎಲ್ಲರೂ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದಾಗ, ಅಕ್ಕನ ಮೈದುನ ಎದುರು ಸಾಲಿನಿಂದ ಕೂಗಿ ಕೇಳಿದರು: "ಏನ್ರೀ ಭಾವನೋರೇ, ಮೈ ಹುಷಾರಾಗಿದ್ಯಾ? ಮಷೀನ್ ಬಿಡಿಸಿ ಸ್ಟೋರ್ಸ್‌ಗೆ ಹಾಕಿದ್ರಂತೆ, ಪಾಪ!" ಸಾಲು ಸಾಲೇ ಕತ್ತೆತ್ತಿ ನೋಡಿತು. ಪಂಕ್ತಿಯ ನಡುವೆ ಏಳಬಾರದು. ಇವರು ಏಳಲಿಲ್ಲ. ಮಜ್ಜಿಗೆ ಅನ್ನದವರೆಗೂ ಕೂತು ಎಲೆ ಮಡಿಸಿ ಎದ್ದರು. ಬಸ್ಸಿನಲ್ಲಿ ನನ್ನ ಸೀಟಿನಿಂದ ಎರಡು ಸಾಲು ಮುಂದೆ ಕೂತರು. ಮಾರನೆಯ ದಿನದಿಂದ ಮಾತಿಲ್ಲ.

ಬೈಯಲಿಲ್ಲ, ಹೊಡೆಯಲಿಲ್ಲ. ನಾನು ಮಾಡಿದ್ದನ್ನು ಉಂಡರು. ಸಂಬಳದ ದಿನ ಮನೆ ಖರ್ಚಿನದು ಗೂಡಿನ ಮುಂದಿಟ್ಟರು. ಮಾತ್ರೆಯ ಪಟ್ಟಿಯನ್ನು ನನ್ನ ಕಣ್ಣಿಗೆ ಬೀಳುವ ಕಡೆಯೇ ಇಡುತ್ತಿದ್ದರು. ಇವತ್ತಿನದು ನುಂಗಿದ್ದಾರೆ ಎಂದು ಅದನ್ನು ನೋಡಿ ತಿಳಿದುಕೊಳ್ಳುತ್ತಿದ್ದೆ. ಬೇಕೆಂದೇ ಹಾಗೆ ಇಡುತ್ತಾರೆಂದು ನಂಬಿದ್ದೆ. ಅಷ್ಟು ಕೊಟ್ಟಿದ್ದೀಯಲ್ಲ ತಾಯಿ ಎಂದು ದೀಪ ಹಚ್ಚುವಾಗ ಹೇಳಿಕೊಳ್ಳುತ್ತಿದ್ದೆ.

ಇನ್ನೊಂದು ಕೃಪೆ ಕಂಪ್ಯೂಟರಿನದು. ಸ್ಟೋರ್ಸಿಗೆ ಕಂಪ್ಯೂಟರ್ ಬಂದಾಗ ಕಲಿಯಬೇಕೆಂದು ಅವರು ಒಂದು ಹಳೆಯದನ್ನು ಮನೆಗೆ ತಂದಿದ್ದರು. ಮಾತು ನಿಲ್ಲುವುದಕ್ಕೆ ಎರಡು ತಿಂಗಳ ಹಿಂದಿನ ಮಾತು. ನನ್ನ ಹಳೆಯ ಸೀರೆ ಹರಿದು ಅದಕ್ಕೊಂದು ಗವುಸು ಹೊಲಿದಿದ್ದೆ. ಇಬ್ಬರ ಹೆಸರನ್ನೂ ಸೇರಿಸಿ ಒಂದೇ ಇಮೇಲ್ ತೆರೆದು, ಕುಲದೇವರ ಹೆಸರಿನ ಪಾಸ್‌ವರ್ಡ್ ಇಟ್ಟು, ನನಗೂ ಕಲಿಸಿಕೊಟ್ಟಿದ್ದರು. ಮಾತು ಬಿಟ್ಟ ಮೇಲೂ ಆ ಪಾಸ್‌ವರ್ಡನ್ನು ಬದಲಾಯಿಸಲಿಲ್ಲ. ಒಂದು ಬಾಗಿಲಾದರೂ ತೆರೆದೇ ಇದೆ ಎಂದು ದಿನವೂ ಒಮ್ಮೆ ಒಳಗೆ ಹೋಗಿ ಬರುತ್ತಿದ್ದೆ. ಅವರು ಸಂಜೆ ಕೂರುವರು, ನಾನು ಹಗಲು ಕೂರುವೆ.

ಒಂದು ಬೆಳಿಗ್ಗೆ ಪರದೆಯ ಮೇಲ್ಗಡೆ ಸೈಟಿನ ವಿಳಾಸ ಬರೆಯುವ ಪಟ್ಟಿಯ ಬಾಣವನ್ನು ಒತ್ತಿದೆ. ಅವರು ನೋಡಿದ ಪುಟಗಳೆಲ್ಲ ಸಾಲಾಗಿ ಇಳಿದವು. ಎಲ್ಲವೂ ಫಿಟ್ಸಿನ ಬಗ್ಗೆಯೇ. ಗಾಡಿ ಓಡಿಸಬಹುದೇ, ಮಾತ್ರೆ ಎಷ್ಟು ವರ್ಷ, ಇಂಥವೇ. ಕೊನೆಯದು, ಮನೆಯಲ್ಲಿ ಬಂದರೆ ಮನೆಯವರು ಏನು ಮಾಡಬೇಕು ಎನ್ನುವ ಪುಟ. ಅದನ್ನು ನಾನೂ ಓದಿದೆ. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಅರ್ಧ ದಿನ ಹಿಡಿಯಿತು. ಪಕ್ಕಕ್ಕೆ ಮಲಗಿಸಬೇಕಂತೆ, ಬಾಯಿಗೆ ಏನೂ ತುರುಕಬಾರದಂತೆ, ಕೈಯಲ್ಲಿ ಬೀಗದ ಕೈ ಇಟ್ಟರೆ ಏನೂ ಉಪಯೋಗವಿಲ್ಲವಂತೆ. ಕಬ್ಬಿಣದ ಬೀಗದ ಕೈ ಒಂದನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದೆ. ಆ ದಿನ ತೆಗೆದಿಟ್ಟೆ.

ಆಮೇಲೆ ಹೊಳೆಯಿತು. ಅವರ ಹೆಜ್ಜೆ ನನಗೆ ಕಂಡ ಮೇಲೆ ನನ್ನ ಹೆಜ್ಜೆಯೂ ಅವರಿಗೆ ಕಾಣುತ್ತದಲ್ಲ?

ನಾನು ದಿನವೂ ಹೋಗುತ್ತಿದ್ದುದು ಕರಾವಳಿಯ ಒಂದು ದೇವಿಯ ಸೈಟಿಗೆ. ಬೆಳಗಿನ ಅಲಂಕಾರದ ಫೋಟೋ ಹಾಕುತ್ತಿದ್ದರು. ಕೆಳಗೆ ಸಂಕಲ್ಪದ ಪುಟ: ಯಜಮಾನರ ಹೆಸರು, ಗೋತ್ರ, ನಕ್ಷತ್ರ, ಸಂಕಲ್ಪದ ಕಾರಣ. ಹಲಸೂರಿನ ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟಿದ್ದೆ. ಅಲ್ಲಿ ಅರ್ಚಕರು "ಯಜಮಾನ್ರು ಬರ್ಲಿಲ್ವೇನಮ್ಮಾ?" ಎಂದು ಕೇಳುವರು. ಗಂಡನ ಹೆಸರನ್ನು ನಾವು ಬಾಯಿಬಿಟ್ಟು ಹೇಳುವವರಲ್ಲ, ಯಾವಾಗಲೂ ಪಕ್ಕದಲ್ಲಿ ಅವರೇ ನಿಂತು ಹೇಳಿಕೊಳ್ಳುತ್ತಿದ್ದರು. ಅಲ್ಲದೆ ಕಾರಣ ಹೇಳಿದರೆ ಅರ್ಚಕರು ಅದನ್ನು ಗಟ್ಟಿಯಾಗಿ ಮಂತ್ರಕ್ಕೆ ಸೇರಿಸುವರು. ಸಾಲಿನಲ್ಲಿ ನಿಂತ ನಾಲ್ಕು ಜನ ಕೇಳುವರು. ನನಗೆ ಕಾರಣ ಒಂದೇ ಇತ್ತು, ಅದನ್ನು ಯಾರೂ ಕೇಳುವಂತಿರಲಿಲ್ಲ. ಸೈಟಿನ ಆ ಪುಟವನ್ನು ದಿನವೂ ತೆರೆಯುತ್ತಿದ್ದೆ, ತುಂಬುವ ಧೈರ್ಯ ಇನ್ನೂ ಬಂದಿರಲಿಲ್ಲ.

ಮಾರ್ಕೆಟ್ ರಸ್ತೆಯ ಬೇಕರಿ ಮೇಲೆ ಮಹಿಳಾ ಸಂಘದವರು ಮಧ್ಯಾಹ್ನ ಹೆಂಗಸರಿಗೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ನಾವು ಆರು ಜನ. ಕಲಿಸುತ್ತಿದ್ದವಳು ಶಿವಾಜಿನಗರದಿಂದ ಬಸ್ಸಿನಲ್ಲಿ ಬರುವ ಹುಡುಗಿ. ಬಂದೊಡನೆ ಬುರ್ಖಾ ತೆಗೆದು ಮೊಳೆಗೆ ನೇತುಹಾಕಿ ನಿಂತರೆ ಎರಡು ಗಂಟೆ ಕೂರುತ್ತಿರಲಿಲ್ಲ. ನಾವು ಅವಳನ್ನು ಮಿಸ್ ಎನ್ನುತ್ತಿದ್ದೆವು, ಅವಳು ನಮ್ಮನ್ನೆಲ್ಲ ಆಂಟಿ ಎನ್ನುತ್ತಿದ್ದಳು. ನೋಡಿದ ಪುಟಗಳ ಪಟ್ಟಿ ಅಳಿಸುವುದನ್ನು ಅವಳಿಂದ ಕಲಿತೆ. ಜೊತೆಗೆ ಇನ್ನೊಂದನ್ನೂ ಕೇಳಿದೆ.

"ಮಿಸ್, ಹೊಸ ಬ್ರೌಸರ್ ಹಾಕಿದ ಮೇಲೆ ಒಂದು ಡಬ್ಬಿ ಬರುತ್ತೆ. ನೀವು ಹೋಗೋ ಸೈಟನ್ನೆಲ್ಲ ಚೆಕ್ ಮಾಡ್ಲಾ, ಬೇಡ್ವಾ ಅಂತ ಕೇಳುತ್ತೆ. ಏನು ಒತ್ಬೇಕು?"

"ಚೆಕ್ ಮಾಡು ಅಂತ ಒತ್ತಿ ಆಂಟಿ. ಕಳ್ಳ ಸೈಟ್ ಇದ್ರೆ ಕೆಂಪಗೆ ಮಾಡಿ ತೋರಿಸುತ್ತೆ. ಅಸಲಿ ಥರಾನೇ ಮಾಡಿ ಪಾಸ್‌ವರ್ಡ್ ಕದಿಯೋರು ಬಾಳ ಜನ ಇದಾರೆ."

"ಅದಕ್ಕೆ ಹೆಂಗೆ ಗೊತ್ತಾಗುತ್ತೆ ಕಳ್ಳ ಅಂತ?"

"ನೀವು ಹೋಗೋ ಅಡ್ರೆಸ್ಸನ್ನ ಕಂಪನಿಗೆ ಕಳಿಸುತ್ತೆ. ಅವ್ರ ಹತ್ರ ಕಳ್ಳರ ಲಿಸ್ಟ್ ಇರುತ್ತೆ. ನೋಡಿ ಹೇಳ್ತಾರೆ."

ನನ್ನ ಪಕ್ಕ ಸಿ.ವಿ. ರಾಮನ್ ನಗರದ ಒಬ್ಬ ತಮಿಳು ಅಮ್ಮ ಕೂರುತ್ತಿದ್ದರು. ರಿಟೈರ್ ಆದ ನರ್ಸು, ದೊಡ್ಡ ಗಂಟಲು. "ಅಯ್ಯಯ್ಯೋ, ನಮ್ಮ ಬೀದಿ ಮೂಲೆ ಇಸ್ತ್ರಿಯವನ ಥರ ಆಯ್ತಲ್ಲಮ್ಮಾ ಇದು! ಯಾರ ಮನೆಗೆ ಯಾರು ಹೋದ್ರು ಅಂತ ಅವನಿಗೇ ಮೊದ್ಲು ಗೊತ್ತು. ಕಳ್ಳನ್ನೂ ಹಿಡೀತಾನೆ, ನನ್ನ ಸೊಸೆ ಎಷ್ಟೊತ್ತಿಗೆ ಬಂದ್ಲು ಅಂತಾನೂ ಹೇಳ್ತಾನೆ."

"ನಿಮಗದು ಬೇಕೇ ಬೇಕಲ್ಲ ಆಂಟಿ!" ಎಂದಳು ಮಿಸ್. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅವಳು ಹೇಳಿದಳು: "ಯಾರು ಹೋದ್ರು ಅಂತ ಹೆಸರು ಬರ್ಕೊಳ್ಳಲ್ಲ ಅಂತ ಕಂಪನಿಯೋರು ಹೇಳ್ತಾರೆ. ನಂಬೋದು ಬಿಡೋದು ನಿಮಗೆ ಸೇರಿದ್ದು. ನಂಬಲ್ಲ ಅಂದ್ರೆ ಆಫ್ ಮಾಡ್ಬೋದು. ಆದ್ರೆ ಕಳ್ಳ ಬಂದ್ರೆ ನೀವೇ ನೋಡ್ಕೋಬೇಕು."

ನಾನು ಮನೆಗೆ ಬಂದವಳೇ ಆಫ್ ಮಾಡಿದೆ. ಒಬ್ಬರಿಗೆ ಹೇಳಿದ್ದಕ್ಕೇ ನನಗೆ ಈ ಗತಿ. ಇನ್ನು ಎಲ್ಲೋ ಕೂತ ಕಂಪನಿಗೆ, ತಿಪ್ಪಸಂದ್ರದ ಒಬ್ಬ ಹೆಂಗಸು ಪ್ರತಿ ಬೆಳಿಗ್ಗೆ ಸಂಕಲ್ಪದ ಪುಟದ ಮುಂದೆ ಕೂರುತ್ತಾಳೆಂದು ಯಾಕೆ ಗೊತ್ತಾಗಬೇಕು? ಯಾರಿಗೂ ಹೇಳುವುದಿಲ್ಲವೆಂದು ಅಕ್ಕನೂ ಹೀಗೆಯೇ ಆಣೆ ಹಾಕಿದ್ದಳು.

ಎರಡು ವಾರ ಕಳೆದಿರಬಹುದು. ನಮ್ಮ ಇಮೇಲಿಗೆ ಒಂದು ಪತ್ರ ಬಂತು. ಮೇಲೆ ಅದೇ ದೇವಿಯ ಫೋಟೋ. ಆಯ್ದ ಭಕ್ತರಿಗೆ ನಲವತ್ತೆಂಟು ದಿನ ವಿಶೇಷ ಸಂಕಲ್ಪ, ಕಾಣಿಕೆ ಏನೂ ಬೇಡ, ಇಲ್ಲಿ ಒತ್ತಿ, ವಿವರ ತುಂಬಿ. ಒಂದು ಮಂಡಲ ಪೂಜೆ, ಅದೂ ಕೇಳದೆ ಬಂದದ್ದು. ಅಮ್ಮನೇ ಕರೆದಳು ಎಂದುಕೊಂಡೆ. ಆ ದಿನ ತುಂಬಲಿಲ್ಲ. ಮಾರನೆಯ ದಿನ ಶುಕ್ರವಾರ. ತಲೆಗೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ದೀಪ ಹಚ್ಚಿ, ಬಾಗಿಲಿಗೆ ಚಿಲಕ ಹಾಕಿ ಕಂಪ್ಯೂಟರಿನ ಮುಂದೆ ಕೂತೆ.

ಮೊದಲು ಇಮೇಲ್ ಮತ್ತು ಅದರ ಪಾಸ್‌ವರ್ಡ್ ಕೇಳಿತು. ಪ್ರಸಾದದ ಸಮಾಚಾರ ತಿಳಿಸಲೆಂದು ಬರೆದಿತ್ತು. ಕೊಟ್ಟೆ. ದೇವರ ಮನೆಯವರು ಕೇಳಿದರೆ ಯಾಕೆ ಎನ್ನುವವಳಲ್ಲ ನಾನು. ಆಮೇಲೆ ಯಜಮಾನರ ಹೆಸರು. ಮದುವೆಯಾದಾಗಿನಿಂದ ಬಾಯಲ್ಲಿ ಆಡದ ಹೆಸರನ್ನು ಒಂದೊಂದೇ ಅಕ್ಷರ ಒತ್ತಿದೆ. ಯಾರೂ ಇಲ್ಲದ ಮನೆಯಲ್ಲಿ ನಾಚಿಕೆಯಾಗಿ ಸೆರಗು ಸರಿಮಾಡಿಕೊಂಡೆ. ಗೋತ್ರ, ನಕ್ಷತ್ರ. ಕೊನೆಗೆ ಕಾರಣ.

ಸಂಕಲ್ಪದಲ್ಲಿ ಸುಳ್ಳು ಹೇಳಬಾರದು. ಅರ್ಧ ಹೇಳಿ ಅರ್ಧ ಮುಚ್ಚಿಡಲೂ ಬಾರದು. ಎಲ್ಲ ಬರೆದೆ. ಲೇತಿನ ಮುಂದೆ ಬಂದ ಫಿಟ್ಸು, ಸ್ಟೋರ್ಸು, ಅಕ್ಕನಿಗೆ ಮಾಡಿದ ಫೋನು, ಪಂಕ್ತಿ, ಬಸ್ಸಿನ ಆ ಎರಡು ಸಾಲು. ಬಾಗಿಲ ಬಳಿ ಅವರ ಚಪ್ಪಲಿಯ ಸದ್ದಾದರೆ ನಾನಿನ್ನೂ ಸೆರಗಿನಲ್ಲಿ ಕೈ ಒರೆಸಿಕೊಂಡು ನಿಲ್ಲುತ್ತೇನೆ ಎನ್ನುವುದನ್ನೂ ಬರೆದೆ. ತಾಯಿ, ಇನ್ನೊಂದು ಸಲ ನನ್ನನ್ನು 'ಕಣೆ' ಅನ್ನಲಿ, ಸಾಕು ಎಂದು ಮುಗಿಸಿದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತ ಒಂದೂವರೆ ಗಂಟೆಯಾಗಿತ್ತು. ಒತ್ತಿದೆ. ಧನ್ಯವಾದ ಎಂದು ಬಂತು. ಒಂದು ವರ್ಷ ಎರಡು ತಿಂಗಳಲ್ಲಿ ಯಾರೊಂದಿಗಾದರೂ ಅಷ್ಟು ಮಾತಾಡಿದ್ದು ಅದೇ ಮೊದಲು. ಆ ಮಧ್ಯಾಹ್ನ ನೆಲದ ಮೇಲೆ ಸುಮ್ಮನೆ ಮಲಗಿ ಚೆನ್ನಾಗಿ ನಿದ್ದೆ ಮಾಡಿದೆ.

ಸೋಮವಾರ ಕ್ಲಾಸಿನಲ್ಲಿ ನರ್ಸಮ್ಮ ಮಂಡಿ ನೋವೆಂದು ಗೊಣಗುತ್ತಿದ್ದರು. ಒಂದು ಪೂಜೆ ಇದೆ, ನಿಮಗೂ ಬರೆಸಿ ಎಂದು ನಾನೇ ಹೇಳಿ, ಅಲ್ಲಿನ ಕಂಪ್ಯೂಟರಿನಲ್ಲಿ ನಮ್ಮ ಇಮೇಲ್ ತೆರೆದು ಆ ಪತ್ರವನ್ನು ಒತ್ತಿದೆ. ಅಲ್ಲಿ ಚೆಕ್ ಮಾಡುವುದನ್ನು ಯಾರೂ ಆಫ್ ಮಾಡಿರಲಿಲ್ಲ. ದೇವಿಯ ಪುಟ ಬರಬೇಕಾದಲ್ಲಿ ಕೆಂಪು ಬಂತು. ಪರದೆಯ ತುಂಬ ಎಚ್ಚರಿಕೆ. ಈ ಸೈಟು ನಕಲಿ ಎಂದು ದೂರು ಬಂದಿದೆ, ನಿಮ್ಮ ವಿವರ ಕದಿಯಲು ಮಾಡಿದ್ದಿರಬಹುದು, ಹಿಂದಕ್ಕೆ ಹೋಗಿ.

"ಏನಮ್ಮಾ ಇದು, ನಿಮ್ಮ ದೇವರು ನನ್ನ ನೋಡಿ ಸಿಗ್ನಲ್ ಹಾಕಿದ್ರಲ್ಲ!" ಎಂದರು ನರ್ಸಮ್ಮ.

ಮಿಸ್ ಓಡಿಬಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ. "ಆಂಟಿ, ಇದ್ರಲ್ಲಿ ಏನಾದ್ರೂ ಟೈಪ್ ಮಾಡಿದೀರಾ?"

"ಇಲ್ಲಮ್ಮ" ಎಂದೆ. ಐದು ಜನ ನೋಡುತ್ತಿದ್ದರು.

ಕ್ಲಾಸ್ ಬಿಟ್ಟ ಮೇಲೆ ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿ ನಿಜ ಹೇಳಿದೆ. ಕೆಳಗಿನ ಬೇಕರಿಯಿಂದ ಬನ್ನಿನ ವಾಸನೆ ಬರುತ್ತಿತ್ತು.

"ಪಾಸ್‌ವರ್ಡ್ ಕೊಟ್ರಾ? ಯಾ ಅಲ್ಲಾ! ಬನ್ನಿ ಒಳಗೆ, ಈಗ್ಲೇ ಬದಲಾಯಿಸೋಣ."

"ಮಿಸ್, ಬರೆದಿದ್ದನ್ನ ವಾಪಸ್ ತಗೊಳಕ್ಕಾಗುತ್ತಾ?"

"ಇಲ್ಲ ಆಂಟಿ."

"ಕಾರಣ ಅಂತ ಒಂದಿತ್ತು. ಬಾಳ ಬರೆದುಬಿಟ್ಟೆ. ಅದನ್ನ ಅವ್ರು ಓದ್ತಾರಾ?"

ಅವಳು ನನ್ನ ಕೈ ಹಿಡಿದುಕೊಂಡಳು. "ಹೆದರ್ಕೋಬೇಡಿ ಆಂಟಿ. ಅವ್ರಿಗೆ ಬೇಕಾಗಿದ್ದು ಪಾಸ್‌ವರ್ಡ್ ಅಷ್ಟೇ. ನಿಮ್ಮ ಕಾರಣ ಯಾರೂ ಓದಿರಲ್ಲ."

ಸಮಾಧಾನಕ್ಕೆಂದೇ ಹೇಳಿದಳು ಪಾಪ. ಅಷ್ಟನ್ನೂ ಬರೆದು, ದೇವರಿಗೂ ತಲುಪಲಿಲ್ಲ, ಕಳ್ಳನೂ ಓದಲಿಲ್ಲ. ಕಳ್ಳ ಓದಿಬಿಟ್ಟಾನೆಂಬ ಭಯಕ್ಕಿಂತ ಅದು ಹೆಚ್ಚು ನೋಯಿಸಿತು ಎಂದರೆ ನೀವು ನಗಬಹುದು.

ಆದರೆ ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಆ ಇಮೇಲಿನಲ್ಲಿ ಅವರ ಸ್ಕ್ಯಾನಿಂಗಿನ ರಿಪೋರ್ಟಿತ್ತು, ಡಾಕ್ಟರಿಗೆ ಬರೆದ ಪತ್ರಗಳಿದ್ದವು, ಕಾರ್ಖಾನೆಯ ಸ್ನೇಹಿತರ ವಿಳಾಸಗಳಿದ್ದವು. ಬದಲಾಯಿಸದಿದ್ದರೆ ಅದೆಲ್ಲ ಗೊತ್ತಿಲ್ಲದವರ ಕೈಯಲ್ಲಿ. ಬದಲಾಯಿಸಿದರೆ ಸಂಜೆ ಅವರು ಕೂತು ಹಳೆಯ ಪಾಸ್‌ವರ್ಡ್ ಒತ್ತುತ್ತಾರೆ, ಬಾಗಿಲು ತೆರೆಯುವುದಿಲ್ಲ. ಯಾಕೆ ಎಂದು ಬಾಯಿಬಿಟ್ಟು ಕೇಳುವವರಲ್ಲ. ಹೆಂಡತಿ ನನ್ನನ್ನು ಹೊರಗೆ ಹಾಕಿ ಚಿಲಕ ಹಾಕಿಕೊಂಡಳು ಎಂದುಕೊಳ್ಳುತ್ತಾರೆ.

"ಅಂಕಲ್‌ಗೆ ಫೋನ್ ಮಾಡಿ ಹೇಳ್ಬಿಡಿ, ಅಷ್ಟೇ ಅಲ್ವಾ?" ಎಂದಳು ಮಿಸ್.

ಅಷ್ಟೇ ಎಂದೆ. ಒಳಗೆ ಹೋಗಿ ಇಬ್ಬರೂ ಕೂತು ಬದಲಾಯಿಸಿದೆವು. ಹೊಸ ಪಾಸ್‌ವರ್ಡ್ ಒತ್ತುವಾಗ ಅವಳು ಗೋಡೆಯ ಕಡೆ ತಿರುಗಿ ನಿಂತಳು. ಅವಳ ಆ ಮರ್ಯಾದೆಯನ್ನು ಇಂದಿಗೂ ನೆನೆಯುತ್ತೇನೆ.

ಐದೂವರೆಗೆ ಕಾರ್ಖಾನೆಯ ಬಸ್ಸು. ಆರಕ್ಕೆ ಹತ್ತು ನಿಮಿಷವಿರುವಾಗ ಅವರು ಬಂದರು. ಕೈಕಾಲು ತೊಳೆದು ಬಂದರು. ಕಾಫಿ ಇಟ್ಟೆ. ಎಂದಿನಂತೆ ಇಟ್ಟು ಒಳಗೆ ಹೋಗಬೇಕಿತ್ತು, ಹೋಗಲಿಲ್ಲ.

"ರೀ, ಒಂದು ಮಾತು ಹೇಳ್ಬೇಕು. ನೀವು ಉತ್ತರ ಕೊಡ್ಬೇಡಿ, ಕೇಳಿಸ್ಕೊಳ್ಳಿ ಸಾಕು."

ಅವರು ಲೋಟ ಕೈಯಲ್ಲಿ ಹಿಡಿದು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ನಿಂತೇ ಹೇಳಿದೆ. ಚೆಕ್ ಮಾಡುವುದನ್ನು ಆಫ್ ಮಾಡಿದ್ದು, ಪತ್ರ ಬಂದದ್ದು, ಪಾಸ್‌ವರ್ಡ್ ಕೊಟ್ಟದ್ದು, ಕೆಂಪು ಪರದೆ, ಬದಲಾಯಿಸಿದ ಹೊಸ ಪಾಸ್‌ವರ್ಡ್. ಅಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಕಾರಣದ ವಿಷಯ ಅವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆದರೆ ಇನ್ನೊಬ್ಬರ ಬಾಯಿಂದ ಅವರು ಒಮ್ಮೆ ಕೇಳಿದ್ದು ಸಾಕು ಅನ್ನಿಸಿತು.

"ಸಂಕಲ್ಪಕ್ಕೆ ಕಾರಣ ಕೇಳಿದ್ರು. ಅದನ್ನೂ ಬರೆದೆ."

ಕೆಳಗೆ ಯಾರೋ ಸೊಪ್ಪಿನವಳನ್ನು ಕೂಗುತ್ತಿದ್ದರು.

"ಫಿಟ್ಸ್ ಅಂತ ಬರೆದ್ಯಾ?"

ಅವರ ದನಿ ಮತ್ತೆ ನನ್ನ ಕಡೆಗೆ ಬಂದದ್ದು ಅದೇ ಮೊದಲು. ಅದಕ್ಕಾಗಿ ಅಷ್ಟು ದಿನ ಕಾದಿದ್ದವಳಿಗೆ ಆ ಕ್ಷಣ ಸಂತೋಷ ಪಡುವುದಕ್ಕೂ ಆಗಲಿಲ್ಲ.

"ಬರೆದೆ ರೀ."

"ನನ್ನ ಹೆಸರು?"

"ಬರೆದೆ."

ಲೋಟ ಕೆಳಗಿಟ್ಟು ಕಂಪ್ಯೂಟರಿನ ಗವುಸು ತೆಗೆದು ಕೂತರು. ಮೊದಲು ಸೈಟುಗಳನ್ನು ಚೆಕ್ ಮಾಡುವುದನ್ನು ಆನ್ ಮಾಡಿದರು. "ಯಾರಿಗೆ ಬೇಕಾದ್ರೂ ಗೊತ್ತಾಗ್ಲಿ" ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಆಮೇಲೆ ಇಮೇಲ್ ತೆರೆದು, ನಾನು ಹಾಕಿದ್ದ ಪಾಸ್‌ವರ್ಡನ್ನೂ ತೆಗೆದು ಮತ್ತೊಂದು ಹಾಕಿದರು. ಹಾಕುವಾಗ ಭುಜ ಅಡ್ಡ ಮಾಡಿಕೊಂಡರು. ಅದೇನೆಂದು ನನಗೆ ಹೇಳಲಿಲ್ಲ. ನಾನು ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದೆ.

ಮೂರು ದಿನ ಮತ್ತೆ ಮೊದಲಿನಂತೆಯೇ. ಇಬ್ಬರ ಹೆಸರಿರುವ ಆ ಬಾಗಿಲು ನನಗೆ ಮುಚ್ಚಿತ್ತು. ಗುರುವಾರ ಬೆಳಿಗ್ಗೆ ದೀಪ ಹಚ್ಚುವಾಗ ಏನೂ ಕೇಳಿಕೊಳ್ಳಲು ತೋಚದೆ ಬತ್ತಿ ಸರಿಮಾಡಿ ಎದ್ದುಬಿಟ್ಟೆ. ಮೊಟ್ಟಮೊದಲ ಸಲ ಹಾಗಾದದ್ದು.

ಅಂದು ಸಂಜೆ ಅವರು ಕಂಪ್ಯೂಟರಿನ ಮುಂದೆ ತುಸು ಹೆಚ್ಚೇ ಹೊತ್ತು ಕೂತಿದ್ದರು. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ.

"ಇಲ್ಲಿ ಬಾ."

ಕೈ ಒರೆಸಿಕೊಂಡು ಹೋದೆ. ಅವರು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಪರದೆಯ ಮೇಲೆ ಹೊಸ ಇಮೇಲೊಂದರ ಪುಟ, ನನ್ನೊಬ್ಬಳ ಹೆಸರಿನದು. ಪಾಸ್‌ವರ್ಡಿನ ಜಾಗ ಖಾಲಿ.

"ನಿಂಗೆ ಬೇರೆ ಮಾಡಿದೀನಿ. ಪಾಸ್‌ವರ್ಡ್ ನೀನೇ ಹಾಕ್ಕೋ. ಯಾರಿಗೂ ಹೇಳ್ಬೇಡ. ನಂಗೂ ಹೇಳ್ಬೇಡ."

ಕೂತೆ. ಅವರು ಬಾಲ್ಕನಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ನಾನು ಹಾಕುವುದು ಕಾಣದಷ್ಟು ದೂರ. ಏನು ಹಾಕಬೇಕೆಂದೇ ತೋಚಲಿಲ್ಲ. ಅವರಿಗೆ ಗೊತ್ತಿಲ್ಲದ್ದು ಅಂತ ನನ್ನಲ್ಲಿ ಏನಿದೆ? ತವರಿನ ಹಸುವಿನ ಹೆಸರು ನೆನಪಾಯಿತು. ಅದನ್ನು ಅವರಿಗೆ ಎಂದೂ ಹೇಳಿರಲಿಲ್ಲ. ಬೇಕೆಂದು ಮುಚ್ಚಿಟ್ಟದ್ದಲ್ಲ, ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಅಕ್ಷರ ಹುಡುಕಿ ಹುಡುಕಿ ಒತ್ತಿದೆ.

"ಆಯ್ತಾ?" ಎಂದರು, ತಿರುಗದೆ.

"ಆಯ್ತು ರೀ."

ಅವರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ನಾನು ಹೋಗಿ ಹುರುಳಿಕಾಯಿ ಒಗ್ಗರಣೆಗೆ ಹಾಕಿದೆ. ಆಮೇಲೆ ನಮ್ಮ ಮಾತು ಅಷ್ಟೇ ಆಯಿತು. ಆಯ್ತಾ, ಆಯ್ತು. ಬಂತಾ, ಬಂತು. 'ಕಣೆ' ಬರಲಿಲ್ಲ. ಬೆಳಿಗ್ಗೆ ಒಂದು ಮಾತು, ಸಂಜೆ ಒಂದು, ಕೆಲವು ದಿನ ಮೂರು. ನಾನು ತಾಯಿಗೆ ಕೈ ಮುಗಿದೆ. ಕೊಟ್ಟದ್ದನ್ನು ಕಡಿಮೆ ಎನ್ನಲು ಮನಸ್ಸು ಬರಲಿಲ್ಲ. ಸಾಕಾಯಿತು ಎಂದೂ ಹೇಳಲಾರೆ.